ಬಾಡಿಗೆ ಬೂಟು

ಹೈದರಾಬಾದಿನಲ್ಲಿ ಹೊಸದಾಗಿ ತೆರೆದಿದ್ದ ಕೃತಕ ಹಿಮದ ಮನೆಯಿಂದ ಹೊರಬಂದು, ಅಲ್ಲಿಯವರೇ ಕೊಟ್ಟ ಬಾಡಿಗೆ ಬೂಟು ಬಿಚ್ಚಲು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಅಕ್ಕತಂಗಿಯರು. ಸುತ್ತಲೂ ಬರೀ ತೆಲುಗು, ಉರ್ದು. ತಮ್ಮ ಕನ್ನಡ ಯಾರಿಗೂ ತಿಳಿಯದೆಂಬ ಧೈರ್ಯ ಅವರಿಗೆ.

“ಕನ್ಯಾ ನೋಡಾಕ ಈ ಬರ್ಫಿನಾಗ ಯಾಕ ಬರಬೇಕಿತ್ತು ಅಕ್ಕಾ? ಅವರ ಮನ್ಯಾಗ ನೋಡಬಹುದಿತ್ತಲ್ಲ?”

“ಮನ್ಯಾಗ ಸೀರಿ ಉಟ್ಟು ಕುಂತ್ರ ಕಾಲು ಕಾಣತಾವೇನ? ಇಲ್ಲಿ ಚಪ್ಪಲ್ ಬಿಟ್ಟು ಬೂಟು ಹಾಕಬೇಕು. ನೋಡಿದ್ಯಾ, ಆಕಿ ಹಿಮ್ಮಡದ ಮ್ಯಾಲ ಹೆಂಗ ಬೆಳ್ಳಗೈತಿ?”

“ಸುಟ್ಟ ಕಲೆ ಇರಬೇಕು.”

“ತೊನ್ನು ಅಂತ ತಿಳಕೊ.”

“ಒಂದು ಮಾತು ಕೇಳಿದ್ರ ಆಗತಿತ್ತು.”

“ಕೇಳಿದ್ರ ಸುಟ್ಟದ್ದು ಅಂತಾಳ. ಆಮ್ಯಾಲ ಬ್ಯಾಡ ಅನ್ನಾಕ ನೆಪ ಎಲ್ಲಿಂದ ತರೂದು?”

“ನಿನ್ನ ಮಗನ ಮನಸಿಗೆ ಭಾಳ ಬಂದಾಳ.”

“ಅದಕ್ಕ ಅವಗ ತೊನ್ನು ಅಂತ ಹೇಳೂದು.”

“ಒಳಗ ನೀ ಜಾರಿದಾಗ ಆಕಿನ ನಿನ್ನ ಹಿಡಕೊಂಡ್ಳಲ್ಲ, ಅಕ್ಕಾ.”

“ಹಿಡಕೊಳ್ಳಲಿ. ಸುಮ್ನಿರು, ಬಂದ್ಳು.”

ಹುಡುಗಿ ಇಬ್ಬರ ಚಪ್ಪಲಿಗಳನ್ನೂ ಕೈಯಲ್ಲಿ ಹಿಡಿದು ತಂದಳು. ಅಕ್ಕನ ಎದುರು ನೆಲದ ಮೇಲೆಯೇ ಕೂತಳು.

“ಅತ್ಯಾರ, ನಿಮಗ ಬಗ್ಗಾಕ ತ್ರಾಸ ಆಗತೈತಿ. ತಾಳ್ರಿ, ಬೂಟು ನಾ ಬಿಚ್ಚತೀನಿ.”

ಅಕ್ಕ ಒಂದು ಕಾಲು ಚಾಚಿದಳು.

“ಭಾಳ ಛಲೋ ಹುಡುಗಿ ಬಿಡವ್ವ ನೀ. ನಾಳೆ ಫೋನ್ ಮಾಡ್ತೀವಿ ಅಂತ ನಿಮ್ಮಪ್ಪಗ ಹೇಳು.”

ಹುಡುಗಿ ನಾಚಿ ತಲೆ ತಗ್ಗಿಸಿದಳು. ಅಕ್ಕ ಇನ್ನೊಂದು ಕಾಲನ್ನೂ ಚಾಚಿದಳು.