ಟೀವಿ ಆರಿಸ್ಕೊಂಡು ಲೆಕ್ಕ ಮಾಡ್ತಿದ್ದ ಕಂಪ್ಯೂಟ್ರು

ಇಲ್ಲ ಕಣೇ, ಕರೆಂಟ್ ಹೋಗಿರ್ಲಿಲ್ಲ, ಎಲ್ರೂ ತಪ್ಪು ತಿಳ್ಕೊಂಡಿದ್ದೇ ಅಲ್ಲಿ. ಎಂಬತ್ತೈದೋ ಎಂಬತ್ತಾರೋ ಇರ್ಬೇಕು, ಗೌನಿಪಲ್ಲಿ ಕಡೆ ಒಂದು ಹೈಸ್ಕೂಲಲ್ಲಿ ನಂಗೆ ಮೊದಲ್ನೇ ಕೆಲಸ, ಅದೂ ತಾತ್ಕಾಲಿಕ, ಮೂರು ತಿಂಗಳು ನೋಡ್ತೀವಿ, ಆಮೇಲೆ ಸ್ಕೂಲ್ ಕಮಿಟಿ ಹೇಳ್ದಂಗೆ ಅಂದಿದ್ರು. ಮನೇಲಿ ಅಪ್ಪ ಹಾಸಿಗೆ ಹಿಡ್ದಿದ್ರು, ತಮ್ಮಂದಿರಿಬ್ರೂ ಸಣ್ಣೋರು, ಒಂದ್ಹೊತ್ತು ಮುದ್ದೆ ಇದ್ರೆ ಇನ್ನೊಂದ್ಹೊತ್ತಿಗೆ ಇಲ್ಲ, ಆ ಕೆಲಸ ಹೋದ್ರೆ ಮುಗೀತು ಅಷ್ಟೇ. ಆಗ ಯಾರೋ ಪುಣ್ಯಾತ್ಮರು ಸ್ಕೂಲಿಗೆ ಒಂದು ಹಳೇ ಕಂಪ್ಯೂಟ್ರು ಕೊಟ್ರು. ನೀವು ಅಂದ್ಕೊಂಡಂಗಲ್ಲ, ಬರೀ ಕೀಬೋರ್ಡು, ಟೀವಿಗೆ ಸಿಗಿಸ್ಬೇಕು. ಹೆಡ್‌ಮಾಸ್ಟ್ರು, ನೀನು ಬಿಎಸ್ಸಿ ಅಲ್ವೇನಮ್ಮ, ನೀನೇ ಕಲ್ತು ಕಮಿಟಿಗೆ ತೋರ್ಸು ಅಂದ್ಬಿಟ್ರು. ಬಿಎಸ್ಸಿಲಿ ನಾನು ಓದಿದ್ದು ಕಪ್ಪೆ, ಜಿರಲೆ.

ಸರಿ, ಜೊತೇಲಿ ಬಂದಿದ್ದ ಪುಸ್ತಕ ಇಟ್ಕೊಂಡು ಕಲ್ತೆ. ಹತ್ತನೇ ಕ್ಲಾಸಿನ ಅಷ್ಟೂ ಮಕ್ಕಳ ಹೆಸರು ಮಾರ್ಕ್ಸು ಹಾಕಿದ್ರೆ, ಜಾಸ್ತಿ ತಗೊಂಡೋರಿಂದ ಹಿಡಿದು ಸಾಲಾಗಿ ಜೋಡಿಸಿಕೊಡೋ ಹಂಗೆ ಬರ್ದೆ. ಆದ್ರೆ ನೋಡು, ಅದ್ರೊಳಗೆ ಮೆಮೊರಿ ಅನ್ನೋದು ಇರೋದೇ ಒಂದು. ಲೆಕ್ಕ ಮಾಡೋ ಚಿಪ್ಪೂ ಅಲ್ಲಿಂದ್ಲೇ ಓದ್ಬೇಕು, ಟೀವಿ ಮೇಲೆ ಅಕ್ಷರ ಮೂಡ್ಸೋ ಚಿಪ್ಪೂ ಅಲ್ಲಿಂದ್ಲೇ ಓದ್ಬೇಕು. ಅದು ಓದ್ತಿದ್ರೆ ಇದು ಕೈಕಟ್ಕೊಂಡು ಕೂತ್ಕೋಬೇಕು. ದೊಡ್ಡ ಲೆಕ್ಕ ಇದ್ರೆ ಚಿತ್ರ ನಿಲ್ಸಿಬಿಡಿ, ಬೇಗ ಆಗತ್ತೆ ಅಂತ ಪುಸ್ತಕದಲ್ಲೇ ಇತ್ತು. ನಿಲ್ಸಿದೆ, ಟೀವಿ ಕಪ್ಪಾಯ್ತು. ನಮ್ಮ ಅಟೆಂಡರ್ ಮುನಿಯಪ್ಪಣ್ಣ ಕರೆಂಟ್ ಹೋಯ್ತು ಅಂತ ಓಡಿಬಂದು ಪ್ಲಗ್ ಕಿತ್ತಾಕಿದ್ರು. ನಮ್ಮ ಕಡೆ ಎಲ್ರೂ ಹಂಗೇ ಮಾಡೋರು, ವಾಪಸ್ ಬರುವಾಗ ಕರೆಂಟ್ ಜಾಸ್ತಿ ಬಂದು ಸುಟ್ಟೋಗ್ತಿತ್ತಲ್ಲ, ಅದಕ್ಕೆ. ಪ್ಲಗ್ ಕಿತ್ರೆ ಅದ್ರಲ್ಲಿ ಏನೂ ಉಳಿಯಲ್ಲ, ಬೆಳಗ್ಗಿಂದ ಕುಟ್ಟಿದ್ದೆಲ್ಲಾ ಅಳಿಸೋಯ್ತು. ಅತ್ಬಿಟ್ಟೆ ಕಣೇ. ಪಾಪ, ಅವರೇ ಟೀ ತಂದ್ಕೊಟ್ರು.

ಮತ್ತೆ ಕೂತು ಕುಟ್ಟಿದೆ. ಕಮಿಟಿಯವರು ಬಂದ್ರು, ಅಧ್ಯಕ್ಷರು ಮಾವಿನ ತೋಟದ ರೆಡ್ಡಿಗಳು, ಖಡಕ್ ಮನುಷ್ಯ. ಗುಂಡಿ ಒತ್ತಿದೆ, ಟೀವಿ ಕಪ್ಪಾಯ್ತು. "ಏಮಮ್ಮಾ, ಕೆಟ್ಟೋಯ್ತಾ?" ಅಂದ್ರು ರೆಡ್ಡಿಗಳು. ಅಷ್ಟರಲ್ಲಿ ಮುನಿಯಪ್ಪಣ್ಣನ ಕೈ ಪ್ಲಗ್ ಕಡೆಗೆ! ಸಾವಿರ ಸಲ ಹೇಳಿದ್ದೆ, ಕೈ ಕೇಳ್ಬೇಕಲ್ಲ. ಗಬಕ್ಕಂತ ಮಣಿಕಟ್ಟು ಹಿಡ್ಕೊಂಡೆ. ಹೆಣ್ಮಗಳು, ಅಷ್ಟು ಜನದ ಮುಂದೆ. ಚಿಪ್ಪು ಮೆಮೊರಿ ಅಂದ್ರೆ ಯಾರಿಗೆ ಅರ್ಥ ಆಗ್ಬೇಕು? ಇನ್ನೊಂದು ನಿಜ ಹೇಳ್ತೀನಿ, ಅಪ್ಪನ ಕೆಲಸ ಏನು ಅಂತ ಆ ಸ್ಕೂಲಲ್ಲಿ ಒಬ್ರಿಗೂ ಹೇಳಿರ್ಲಿಲ್ಲ ನಾನು, ನಾಚಿಕೆ ಆಗ್ತಿತ್ತು. ಆವತ್ತು ಬಾಯಿಗೆ ಬಂದಿದ್ದು ಅದೇ.

"ಕೆಟ್ಟಿಲ್ಲ ಸಾರ್. ನಮ್ಮಪ್ಪ ಕೆರೆ ನೀರ್ಗಂಟಿ. ತೂಬಿನ ನೀರು ಎರಡು ಗದ್ದೆಗೂ ಒಟ್ಟಿಗೆ ಬಿಟ್ರೆ ಯಾವ್ದೂ ನೆನೆಯಲ್ಲ, ನೀರ್ಗಂಟಿ ಒಂದಕ್ಕೆ ಕಟ್ಟಿ ಇನ್ನೊಂದಕ್ಕೆ ಬಿಡ್ತಾರೆ. ಈಗ ಟೀವಿಗೆ ಕಟ್ಟಿ ಲೆಕ್ಕಕ್ಕೆ ಬಿಟ್ಟಿದೀನಿ. ಅದು ಮುಗೀಲಿ, ಟೀವಿಗೂ ಬರತ್ತೆ."

ರೆಡ್ಡಿಗಳು ನನ್ನ ಮುಖ ನೋಡಿದ್ರು, ಕುರ್ಚಿ ಎಳ್ಕೊಂಡ್ರು. "ನೀರ್ಗಂಟಿ ಹೇಳಿದ್ಮೇಲೆ ಕಾಯ್ಲೇಬೇಕು. ಕೂತ್ಕೊಳ್ರಯ್ಯಾ" ಅಂದ್ರು. ಕಮಿಟಿಗೆ ಕಮಿಟೀನೇ ಕಪ್ಪು ಟೀವಿ ನೋಡ್ಕೊಂಡು ಕೂತಿತ್ತು, ನಾನು ದೇವ್ರೇ ದೇವ್ರೇ ಅಂತಿದ್ದೆ. ಬಂತು ನೋಡು, ಸಾಲಾಗಿ ಎಲ್ಲಾ ಹೆಸರೂ. ಒಂದೂ ತಪ್ಪಿರ್ಲಿಲ್ಲ. ಇಲ್ಲ, ಸುಳ್ಳು ಯಾಕೆ, ಒಂದು ತಪ್ಪಿತ್ತು, ಯಾರೂ ನೋಡ್ಲಿಲ್ಲ. ರಿಟೈರ್ ಆಗೋವರ್ಗೂ ಅದೇ ಸ್ಕೂಲಲ್ಲಿದ್ದೆ. ಅದಕ್ಕೇ ಹೇಳೋದು, ನಿಮ್ಮಪ್ಪ ನಿಮ್ಮಮ್ಮ ಏನ್ ಕೆಲಸ ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ ಗಟ್ಟಿಯಾಗಿ ಹೇಳ್ರೋ ಮಕ್ಳಾ. ಏಳಿ, ಸಾರು ಆರೋಗತ್ತೆ.