ಕಡೆಯವನು

ಸೈಕಲ್ ರಿಪೇರಿ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಬೆಂಚಿನ ಮೇಲೆ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡ ಇಬ್ಬರು ನಡುವಯಸ್ಕರು ಕೂತಿದ್ದರು.

“ಭಾನುವಾರದ ಸೈಕಲ್ ಸವಾರೀಲಿ ಗುಡ್ಡದ ಮೇಲೆ ಯಾಕೋ ಅಷ್ಟು ಹೊತ್ತು ನಿಂತ್ವಿ?”

“ಕಡೆಯವನು ಬರೋವರೆಗೂ ಹೊರಡಬಾರದು ಅಂತ ನಾವೇ ಮಾಡಿದ ನಿಯಮ ಅಲ್ವಾ?”

“ಎಲ್ಲರೂ ಬಂದಾಗಿತ್ತಲ್ಲೋ.”

“ಬಂದಾಗಿತ್ತು.”

“ಆಮೆರಾಯ ತೀರಿಕೊಂಡು ತಿಂಗಳಾಯ್ತು ಕಣೋ.”

“ಗೊತ್ತು. ಆದ್ರೂ ಪೆಡಲ್ ಮೇಲೆ ಕಾಲಿಡೋಕೆ ಯಾರಿಗೂ ಮನಸ್ಸು ಬರಲಿಲ್ಲ.”

“ಯಾವಾಗ್ಲೂ ಎಲ್ಲರಿಗಿಂತ ಕಡೆಗೆ ಏದುಸಿರು ಬಿಡ್ತಾ ಬಂದು, ‘ನೀವು ಸುಧಾರಿಸ್ಕೊಳ್ಳಿ ಅಂತ ನಿಧಾನವಾಗಿ ಬಂದೆ’ ಅಂತಿದ್ದ.”



“ಈ ಭಾನುವಾರ ಏನ್ ಮಾಡೋದು?”

“ನಾನು ಕಡೆಯಲ್ಲಿ ಬರ್ತೀನಿ. ಕಡೆಯವನು ಅಂತ ಯಾರಾದ್ರೂ ಬಂದ್ರೆ ತಾನೇ ನೀವು ಹೊರಡೋದು?”

ಸೈಕಲ್ಲುಗಳು ಸಿದ್ಧವಾದವು. ಒಬ್ಬರು ಹೊರಟರು. ಇನ್ನೊಬ್ಬರು, ಗೆಳೆಯ ತಿರುವು ದಾಟುವವರೆಗೂ ಒಂದು ಕಾಲು ನೆಲಕ್ಕೂರಿ ನಿಂತಿದ್ದು, ಆಮೇಲೆ ನಿಧಾನವಾಗಿ ಹೊರಟರು.