ಎತ್ತಲಾಗದ ತೋಳು
ನನ್ನ ಸರದಿಗೆ ಕಾಯುತ್ತ ಕೂತಿದ್ದೆ. ಪರದೆಯಾಚೆ ಫಿಸಿಯೋಥೆರಪಿಸ್ಟ್ ಒಬ್ಬ ಗಂಡಸಿನ ಭುಜ ಪರೀಕ್ಷಿಸುತ್ತಿದ್ದಳು. ಜೊತೆಗೆ ಅವನ ಹೆಂಡತಿಯೂ ಇದ್ದಳು.

“ನೀವೇ ಎತ್ತಿದಾಗ ತೋಳು ಎದೆಮಟ್ಟಕ್ಕೇ ನಿಂತಿತ್ತು. ಈಗ ಸಡಿಲ ಬಿಡಿ, ನಾನು ಎತ್ತುತ್ತೀನಿ.”

ನಾನು ಪತ್ರಿಕೆ ಮಗುಚುವುದನ್ನು ನಿಲ್ಲಿಸಿದೆ.

“ಕಿವಿತನಕ ಬಂತಲ್ಲ. ಒತ್ತಿ ಹಿಡಿದ್ರೂ ಬಲ ಇದೆ. ಕೀಲು ಚೆನ್ನಾಗಿದೆ.”

“ಹಾಗಾದ್ರೆ ಮೂರು ತಿಂಗಳಿಂದ ಹಾಸಿಗೆ ಹಿಡಿದ ಅತ್ತೇನ ನಾನೊಬ್ಬಳೇ ಎತ್ತಿದ್ದು ಯಾಕ್ರೀ?” ಎಂದಳು ಹೆಂಡತಿ.

“ಅಮ್ಮನ್ನ ಬಚ್ಚಲಲ್ಲಿ ಹಾಗೆ ನೋಡೋಕೆ ನಾಚಿಕೆ ಆಯ್ತು ಕಣೇ.”

“ಅವರಿಗೂ ಆಗತ್ತೆ. ದಿನಾ ಕಣ್ಣು ಮುಚ್ಕೋತಾರೆ.”

“ಅಕ್ಕಾ, ನಿಮ್ಮ ಮಣಿಕಟ್ಟು ಊದಿದೆ. ಕೂತ್ಕೊಳ್ಳಿ, ನೋಡ್ತೀನಿ,” ಎಂದಳು ಥೆರಪಿಸ್ಟ್.

“ಇವತ್ತಾಗಲ್ಲ. ಅತ್ತೆ ಎದ್ದಿರ್ತಾರೆ.”

“ನಾನು ಹೋಗ್ತೀನಿ,” ಎಂದ ಗಂಡ. “ಎಲ್ಲಿ ಹಿಡಿದು ಎತ್ತಬೇಕು?”

“ಕಂಕುಳಿಗೆ ಕೈ ಹಾಕ್ಬೇಡಿ, ಅವರಿಗೆ ನೋವಾಗತ್ತೆ. ಸೊಂಟ ಹಿಡೀರಿ.”

ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅವನು ಹೊರಬಂದ. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.